ಜರ್ಮನ್ ಗುಣವಾಚಕಗಳ ಕೋಷ್ಟಕಗಳನ್ನು ಬಾಯಿಪಾಠ ಮಾಡಲೇಬೇಕೇ?

ಜರ್ಮನ್ ವ್ಯಾಕರಣ ಪುಸ್ತಕಗಳಲ್ಲಿ ಗುಣವಾಚಕಗಳಿಗೆಂದು ಕೊಡುವ ಮೂರು ಕೋಷ್ಟಕಗಳ 48 ಮನೆಗಳನ್ನೂ ಕಂಠಪಾಠ ಮಾಡಬೇಕೇ ಎಂದು ಕೇಳಿದ್ದೀರಿ. ಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಷ್ಟೂ ಮನೆಗಳಲ್ಲಿ ತಿರುಗಿ ತಿರುಗಿ ಬರುವುದು ಎ, ಎನ್, ಎರ್, ಎಸ್, ಎಮ್ ಎಂಬ ಐದೇ ಪ್ರತ್ಯಯಗಳು.

ಕನ್ನಡದಲ್ಲಿ ‘ದೊಡ್ಡ ಮನೆಗೆ’, ‘ದೊಡ್ಡ ಮನೆಯಲ್ಲಿ’ ಎನ್ನುವಾಗ ವಿಭಕ್ತಿಯ ಹೊರೆಯನ್ನು ನಾಮಪದವೇ ಹೊರುತ್ತದೆ. ‘ದೊಡ್ಡ’ ಎಂಬುದು ಬದಲಾಗುವುದಿಲ್ಲ. ಜರ್ಮನ್ ನಾಮಪದದ ರೂಪ ಏಕವಚನದಲ್ಲಿ ಹೆಚ್ಚಾಗಿ ಹಾಗೆಯೇ ಉಳಿಯುವುದರಿಂದ, ಲಿಂಗ ಮತ್ತು ವಿಭಕ್ತಿಗಳ ಗುರುತನ್ನು ಅದಕ್ಕಿಂತ ಮೊದಲು ಬರುವ ಪದಗಳಲ್ಲಿ ಒಂದು ಹೊರಬೇಕಾಗುತ್ತದೆ. ಆರ್ಟಿಕಲ್ (ಇಂಗ್ಲಿಷಿನ ‘ದ’, ‘ಎ’ಗಳಂತೆ ನಾಮಪದಕ್ಕಿಂತ ಮೊದಲು ಬರುವ ‘ಡೆರ್’, ‘ಐನ್’ ಮುಂತಾದ ಪದ) ಹೊತ್ತರೆ ಗುಣವಾಚಕಕ್ಕೆ ಬಿಡುವು. ಆರ್ಟಿಕಲ್ ಇಲ್ಲದಿದ್ದರೆ ಅಥವಾ ಇದ್ದೂ ಗುರುತು ತೋರದಿದ್ದರೆ ಗುಣವಾಚಕವೇ ಹೊರಬೇಕು.

‘ಬಿಸಿ ಚಹಾ’ ಎಂಬುದನ್ನೇ ನೋಡಿ. ‘ಡೆರ್ ಹೈಸೆ ಟೇ’ ಎಂಬಲ್ಲಿ ‘ಡೆರ್’ ಪುಲ್ಲಿಂಗ, ಪ್ರಥಮಾ ಎಂಬುದನ್ನು ಸ್ಪಷ್ಟಪಡಿಸಿರುವುದರಿಂದ ಗುಣವಾಚಕಕ್ಕೆ ಬರಿಯ ‘ಎ’ ಸಾಕು. ‘ಐನ್’ ಬಂದಾಗ ಅದಕ್ಕೆ ಪ್ರತ್ಯಯವಿಲ್ಲದ ಕಾರಣ ‘ಐನ್ ಹೈಸೆರ್ ಟೇ’ ಎಂದು ‘ಎರ್’ ಗುಣವಾಚಕಕ್ಕೆ ಸೇರುತ್ತದೆ. ‘ಜೊತೆ’ ಎಂಬರ್ಥದ, ಚತುರ್ಥಿಯನ್ನು ಬಯಸುವ ‘ಮಿಟ್’ ಬಂದಾಗ ‘ಮಿಟ್ ಡೆಮ್ ಹೈಸೆನ್ ಟೇ’ ಎಂದಾಗುತ್ತದೆ. ಆರ್ಟಿಕಲ್ ತೆಗೆದರೆ ಅದೇ ‘ಮಿಟ್ ಹೈಸೆಮ್ ಟೇ’. ಷಷ್ಠಿಯಲ್ಲಿ ಈ ತರ್ಕ ಇನ್ನೂ ಸೊಗಸಾಗಿ ಕಾಣುತ್ತದೆ: ಕೆಟ್ಟ ಹವಾಮಾನವಿದ್ದರೂ ಎಂಬರ್ಥದ ‘ಟ್ರೋಟ್ಸ್ ಶ್ಲೆಖ್ಟೆನ್ ವೆಟರ್ಸ್’ ಎಂಬಲ್ಲಿ ಆರ್ಟಿಕಲ್ ಇಲ್ಲ, ಆದರೆ ನಾಮಪದವೇ ಕೊನೆಯಲ್ಲಿ ‘ಸ್’ ಹೊತ್ತಿರುವುದರಿಂದ ಗುಣವಾಚಕ ‘ಎನ್’ಗೆ ಇಳಿಯುತ್ತದೆ.

ಸಂಸ್ಕೃತ ಓದಿದವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಅಲ್ಲಿ ವಿಶೇಷ್ಯದ ವಿಭಕ್ತಿಯನ್ನು ವಿಶೇಷಣವೂ ಪೂರ್ತಿಯಾಗಿ ಪಡೆಯುವುದರಿಂದ ‘ಡೆಮ್ ಹೈಸೆಮ್’ ಎಂದು ಎರಡು ಕಡೆಯೂ ಗುರುತು ಹಾಕುವ ಅಭ್ಯಾಸ ಸಹಜವಾಗಿ ಬಂದುಬಿಡುತ್ತದೆ. ಜರ್ಮನ್‌ನಲ್ಲಿ ಅದು ತಪ್ಪು.

ಹಾಗಾಗಿ ಮೊದಲು ‘ಡೆರ್, ಡೀ, ದಾಸ್’ಗಳ ವಿಭಕ್ತಿರೂಪಗಳನ್ನು ಗಟ್ಟಿಮಾಡಿಕೊಳ್ಳಿ, ಪ್ರತಿ ನಾಮಪದವನ್ನೂ ಅದರ ಆರ್ಟಿಕಲ್ ಸಮೇತ ಕಲಿಯಿರಿ. ಇವೇ ನಿಶ್ಚಿತ ಆರ್ಟಿಕಲ್‌ಗಳು; ಇವುಗಳ ನಂತರ ಗುಣವಾಚಕಕ್ಕೆ ‘ಎ’ ಬರುವುದು ಐದೇ ಕಡೆ: ಪ್ರಥಮಾ ಏಕವಚನದ ಮೂರು ಲಿಂಗಗಳಲ್ಲಿ, ದ್ವಿತೀಯಾ ಏಕವಚನದ ಸ್ತ್ರೀಲಿಂಗ ಮತ್ತು ನಪುಂಸಕದಲ್ಲಿ. ಉಳಿದ 11 ಕಡೆಯೂ ‘ಎನ್’. ಬಹುವಚನದ ಒಂದು ಭೇದವನ್ನು ಮಾತ್ರ ನೆನಪಿಟ್ಟುಕೊಳ್ಳಲೇಬೇಕು: ‘ಎಲ್ಲ’ ಎಂಬರ್ಥದ ‘ಆಲೆ’ ಆರ್ಟಿಕಲ್‌ನಂತೆ ವರ್ತಿಸಿ ‘ಆಲೆ ನೊಯೆನ್ ಬ್ಯೂಖರ್’ (ಎಲ್ಲ ಹೊಸ ಪುಸ್ತಕಗಳು) ಎಂದಾಗುತ್ತದೆ, ‘ಅನೇಕ’ ಎಂಬರ್ಥದ ‘ಫೀಲೆ’ ತಾನೇ ಗುಣವಾಚಕದಂತಿರುವುದರಿಂದ ‘ಫೀಲೆ ನೊಯೆ ಬ್ಯೂಖರ್’ ಎಂದು ಉಳಿಯುತ್ತದೆ.