ರಕ್ತ ಕಾಣದ ಗುಂಡಿನಾಟ: ಒಂಬತ್ತು ವರ್ಷದವನಿಗೆ ಸರಿಯೇ?

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕಿನಲ್ಲಿ ಒಂದು ಸಣ್ಣ ಕಾಫಿ ತೋಟ. ಬೆಂಗಳೂರಿನಲ್ಲಿರುವ ನನ್ನ ತಮ್ಮ ತನ್ನ ಹಳೆಯ ಪ್ಲೇಸ್ಟೇಷನ್ ಅನ್ನು ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಕೊಟ್ಟುಹೋಗಿದ್ದಾನೆ. ಮಳೆ ಜೋರಾಗಿ ಶಾಲೆಗೆ ರಜೆ ಸಿಕ್ಕಿದ ದಿನಗಳಲ್ಲೆಲ್ಲ ಅವನು ಫೋರ್ಟ್‌ನೈಟ್ ಎಂಬ ಗುಂಡಿನ ಆಟ ಆಡುತ್ತಾ ಕೂರುತ್ತಾನೆ. ಪಾತ್ರಗಳು ಬೊಂಬೆಗಳಂತಿವೆ, ಗುಂಡು ತಗುಲಿದರೂ ರಕ್ತ ಕಾಣುವುದಿಲ್ಲ. ಅತ್ತೆಯವರಿಗೆ ಇದು ಸ್ವಲ್ಪವೂ ಹಿಡಿಸುತ್ತಿಲ್ಲ. ಯಜಮಾನರು ಮಾತ್ರ, ‘ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಹೂವಿಟ್ಟು ಪೂಜಿಸುವ ಮನೆಯವರು ಟಿವಿಯೊಳಗಿನ ಕೋವಿಗೆ ಹೆದರುವುದೇ?’ ಎಂದು ನಗುತ್ತಾರೆ. ಈ ಆಟ ಅವನ ವಯಸ್ಸಿಗೆ ತಕ್ಕದ್ದೇ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ಅವನೊಬ್ಬನನ್ನೇ ಕೂರಿಸಿ ಆಡಲು ಬಿಡುವುದಾದರೆ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಈ ಆಟದ ಬ್ಯಾಟಲ್ ರಾಯಲ್ ವಿಭಾಗಕ್ಕೆ, ವಿಡಿಯೊ ಆಟಗಳಿಗೆ ವಯಸ್ಸಿನ ಗುರುತು ಕೊಡುವ ಸಂಸ್ಥೆಗಳ ಪೈಕಿ ಅಮೆರಿಕದ ಇಎಸ್‌ಆರ್‌ಬಿಯು ‘ಟೀನ್’, ಅಂದರೆ 13 ವರ್ಷ ಮೇಲ್ಪಟ್ಟವರಿಗೆ, ಎಂಬ ಗುರುತನ್ನೂ ಯುರೋಪಿನ ಪೆಗಿಯು 12 ಎಂಬ ಗುರುತನ್ನೂ ಕೊಟ್ಟಿವೆ. ಚಿತ್ರಗಳು ಕಾರ್ಟೂನಿನಂತಿರುವುದರಿಂದ ಮಾತ್ರ ಆಟ ಮಕ್ಕಳದಾಗುವುದಿಲ್ಲ; ಗೆಲ್ಲಲು ಮಗು ಏನು ಮಾಡಬೇಕು ಎಂಬುದನ್ನೂ ನೋಡಬೇಕು. ನಿಂಟೆಂಡೊ ಕಂಪನಿಯ ಸ್ಪ್ಲಾಟೂನ್ ಕೂಡ ಬಂದೂಕು ಹಿಡಿಯುವ ಆಟವೇ. ಆದರೆ ಅದರ ಮುಖ್ಯ ಪಂದ್ಯದಲ್ಲಿ ಮೂರು ನಿಮಿಷದೊಳಗೆ ಹೆಚ್ಚು ನೆಲಕ್ಕೆ ಬಣ್ಣ ಬಳಿದ ತಂಡ ಗೆಲ್ಲುತ್ತದೆ. ಅದಕ್ಕೆ ಪೆಗಿ ಕೊಟ್ಟಿರುವ ಗುರುತು 7. ಫೋರ್ಟ್‌ನೈಟ್‌ನ ಬ್ಯಾಟಲ್ ರಾಯಲ್‌ನಲ್ಲಿ ನೂರು ಜನರಲ್ಲಿ ಉಳಿದವರೆಲ್ಲರನ್ನೂ ಹೊಡೆದುರುಳಿಸಿ ಕೊನೆಗೆ ಉಳಿದವನೇ ಗೆದ್ದವನು.

ಯಜಮಾನರ ಮಾತಿನಲ್ಲಿ ತಮಾಷೆಯಿದ್ದರೂ ಅದನ್ನು ತಳ್ಳಿಹಾಕುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೆ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ, ಕೋವಿಯನ್ನು ಯಾರು ಮುಟ್ಟಬಹುದು, ನಳಿಕೆ ಯಾವ ಕಡೆಗಿರಬೇಕು ಎಂಬುದನ್ನು ಮಕ್ಕಳು ಹಿರಿಯರ ಎದುರಿನಲ್ಲೇ ಕಲಿಯುತ್ತಾರೆ. ಅಂಥ ಮನೆಯ ಹುಡುಗನಿಗೆ ಆಟದ ಕೋವಿಗೂ ನಿಜವಾದ ಕೋವಿಗೂ ಇರುವ ವ್ಯತ್ಯಾಸ ಪೇಟೆಯ ಮಕ್ಕಳಿಗಿಂತ ಚೆನ್ನಾಗಿಯೇ ಗೊತ್ತಿರಬಹುದು. ಇಂಥ ಆಟಗಳಿಂದ ಮಕ್ಕಳು ಹಿಂಸಾಚಾರಕ್ಕೆ ಇಳಿಯುತ್ತಾರೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘವೂ 2020ರಲ್ಲಿ ಹೇಳಿದೆ. ಆದರೆ ಕೂಗಾಟ, ತಳ್ಳಾಟದಂಥ ಆಕ್ರಮಣಕಾರಿ ವರ್ತನೆಗೂ ಇವುಗಳಿಗೂ ಸಣ್ಣ ಪ್ರಮಾಣದ ನಂಟಿದೆ ಎಂಬುದನ್ನು ಅದೇ ಸಂಘ ಅಲ್ಲಗಳೆದಿಲ್ಲ. ಆಟ ಮುಗಿಸಿ ಎದ್ದ ಮೇಲೆ ಅವನು ತಂಗಿಯೊಡನೆಯೋ ಅಜ್ಜಿಯೊಡನೆಯೋ ಹೇಗೆ ಮಾತಾಡುತ್ತಾನೆ ಎಂಬುದನ್ನು ಒಂದಷ್ಟು ದಿನ ಗಮನಿಸಿ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಗುಂಡಿನ ಆಚೆ ಇರುವ ಎರಡು ಸಂಗತಿಗಳು. ಒಂದು ಮಾತುಕತೆ: ಹೆಡ್‌ಸೆಟ್ ಹಾಕಿಕೊಂಡ ನಿಮ್ಮ ಮಗ ಆಡುತ್ತಿರುವುದು ಎಲ್ಲಿಯವರೋ, ಎಷ್ಟು ವಯಸ್ಸಿನವರೋ ತಿಳಿಯದ ಜನರ ಜೊತೆ. ಅವರು ಆಡುವ ಮಾತಿಗೆ ಇಎಸ್‌ಆರ್‌ಬಿಯ ಗುರುತು ಅನ್ವಯಿಸುವುದಿಲ್ಲ. ಇನ್ನೊಂದು ಹಣ. ಆಟ ಉಚಿತವಾದರೂ ವಿ-ಬಕ್ಸ್ ಎಂಬ ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಕೊಂಡು ಪಾತ್ರಗಳಿಗೆ ವೇಷ ತೊಡಿಸಬಹುದು. ಆ ವೇಷದಿಂದ ಆಟದಲ್ಲಿ ಎಳ್ಳಷ್ಟೂ ಅನುಕೂಲವಿಲ್ಲ, ಆದರೂ ಗೆಳೆಯರೆಲ್ಲ ತೊಟ್ಟಿರುವಾಗ ತನಗೂ ಬೇಕೆಂದು ಮಗು ಹಟ ಹಿಡಿಯುವುದು ಸಹಜ. ಇವು ನನ್ನ ಕಲ್ಪನೆಯ ಭಯಗಳಲ್ಲ. ಮಕ್ಕಳ ಖಾಸಗಿ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ, ಧ್ವನಿ ಮತ್ತು ಬರಹದ ಮಾತುಕತೆಯನ್ನು ಮಕ್ಕಳಿಗೂ ಮೊದಲಿನಿಂದಲೇ ತೆರೆದಿಟ್ಟ, ಬಟನ್‌ಗಳ ಗೊಂದಲಮಯ ವಿನ್ಯಾಸದಿಂದ ಬೇಡದ ಖರೀದಿ ಮಾಡಿಸಿದ ಆರೋಪಗಳ ಮೇಲೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಲ್ಲಿ ಒಟ್ಟು 52 ಕೋಟಿ ಡಾಲರ್ ತೆರಲು ಈ ಆಟದ ತಯಾರಕರಾದ ಎಪಿಕ್ ಗೇಮ್ಸ್ 2022ರ ಡಿಸೆಂಬರಿನಲ್ಲಿ ಒಪ್ಪಿದರು. ಈಗ 13 ವರ್ಷಕ್ಕಿಂತ ಚಿಕ್ಕವರ ಖಾತೆಯಲ್ಲಿ ಪೋಷಕರು ಒಪ್ಪುವವರೆಗೆ ಧ್ವನಿ ಮಾತುಕತೆಯೂ ಖರೀದಿಯೂ ಮುಚ್ಚಿರುತ್ತವೆ. ಆದರೆ ಖಾತೆ ತೆರೆಯುವಾಗ ನಿಜವಾದ ಹುಟ್ಟಿದ ವರ್ಷವನ್ನೇ ಕೊಟ್ಟಿದ್ದರೆ ಮಾತ್ರ ಈ ರಕ್ಷಣೆ ಸಿಗುತ್ತದೆ. ನಿಮ್ಮ ಮಗ ಆಡುತ್ತಿರುವುದು ಸೋದರಮಾವನ ಖಾತೆಯಲ್ಲಾದರೆ ಆಟದ ಲೆಕ್ಕದಲ್ಲಿ ಅವನು ದೊಡ್ಡವನೇ. ಹಾಗಾಗಿ ಅವನ ಹೆಸರಿನಲ್ಲೇ ಬೇರೆ ಖಾತೆ ತೆರೆಯಿರಿ.

ಇದಾದ ಮೇಲೆ ಒಂದು ಸಂಜೆ ಪಕ್ಕದಲ್ಲಿ ಕುಳಿತು, ಸಾಧ್ಯವಾದರೆ ನೀವೂ ಕೈಗೆ ತೆಗೆದುಕೊಂಡು, ಆಡಿ ನೋಡಿ. ಫೋರ್ಟ್‌ನೈಟ್‌ನ ಒಳಗೆ ಈಗ ಹಲವು ಆಟಗಳಿದ್ದು, 2023ರ ಕೊನೆಯಲ್ಲಿ ಸೇರಿದ ಲೆಗೊ ಫೋರ್ಟ್‌ನೈಟ್‌ಗೆ ಪೆಗಿಯ ಗುರುತು 7. ಅಲ್ಲಿ ಮನೆ ಕಟ್ಟುವುದು, ಊರು ಬೆಳೆಸುವುದೇ ಹೆಚ್ಚು. ಒಂಬತ್ತು ವರ್ಷದವನಿಗೆ ಅದನ್ನೇ ಸೂಚಿಸುತ್ತೇನೆ. ಇನ್ನು ಹೊತ್ತಿನ ವಿಚಾರ. ಬ್ಯಾಟಲ್ ರಾಯಲ್ ಪಂದ್ಯವನ್ನು ನಡುವೆ ನಿಲ್ಲಿಸಿಟ್ಟು ಆಮೇಲೆ ಮುಂದುವರಿಸಲಾಗದು, ಕೊನೆಯವರೆಗೆ ಉಳಿದರೆ ಇಪ್ಪತ್ತು ನಿಮಿಷವಾದರೂ ಬೇಕು. ‘ಈಗಲೇ ಎದ್ದೇಳು’ ಎಂಬ ಮಾತಿಗೆ ಅವನು ಸಿಡಿಮಿಡಿಗೊಳ್ಳಲು ಅದೂ ಒಂದು ಕಾರಣ. ‘ಅರ್ಧ ಗಂಟೆ’ ಎನ್ನುವ ಬದಲು ‘ಎರಡು ಪಂದ್ಯ’ ಎಂದರೆ ಜಗಳ ಕಡಿಮೆಯಾದೀತು. (ಮಳೆಗಾಲದಲ್ಲಿ ಆಟ ನಿಲ್ಲಿಸುವ ಕೆಲಸವನ್ನು ಕೈಕೊಡುವ ಕರೆಂಟೇ ಮಾಡುತ್ತದೆ, ಅದು ಬೇರೆ ಮಾತು.)

ಪ್ರಶ್ನೆ: ಸಿನಿಮಾಗಳಿಗೆ ಇರುವಂತೆ ವಿಡಿಯೊ ಗೇಮ್‌ಗಳಿಗೂ ನಮ್ಮಲ್ಲಿ ಸರ್ಕಾರದ ಪ್ರಮಾಣಪತ್ರ ಇದೆಯೇ?
– ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ. ಸಿನಿಮಾಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಕೊಡುವ ಮಂಡಳಿಯ ಮುಂದೆ ವಿಡಿಯೊ ಗೇಮ್‌ಗಳು ಬರುವುದಿಲ್ಲ. ಮೊಬೈಲಿನ ಪ್ಲೇ ಸ್ಟೋರ್‌ನಲ್ಲಿ ಕಾಣುವ ವಯಸ್ಸಿನ ಗುರುತು ಬಹುತೇಕ ಆಟ ತಯಾರಿಸಿದವರೇ ತುಂಬಿದ ಪ್ರಶ್ನಾವಳಿಯ ಉತ್ತರಗಳಿಂದ ಬಂದದ್ದು. ಅದನ್ನು ಸೂಚನೆಯೆಂದು ತಿಳಿಯಬೇಕೇ ಹೊರತು ಕಾನೂನೆಂದಲ್ಲ. ಆ ಗುರುತಿಗೆ ತಕ್ಕಂತೆ ಆಟಗಳನ್ನು ತಡೆಯುವ ಪೋಷಕರ ನಿಯಂತ್ರಣ ಮೊಬೈಲಿನಲ್ಲೂ ಇದೆ, ಪ್ಲೇಸ್ಟೇಷನ್‌ನಲ್ಲೂ ಇದೆ. ಅದಕ್ಕೆ ಪಿನ್ ಇಡುವಾಗ ಮಕ್ಕಳಿಗೆ ಈಗಾಗಲೇ ಬಾಯಿಪಾಠವಾಗಿರುವ ನಿಮ್ಮ ಫೋನಿನ ಲಾಕ್ ಸಂಖ್ಯೆಯನ್ನೇ ಇಡಬೇಡಿ.