ತಣ್ಣನೆಯ ಡಿಟರ್ಜೆಂಟಿನಲ್ಲಿ ಕರಗದ ಪ್ರೋಟೀನು ಕೋಶದೊಳಗೆ ಎಲ್ಲಿತ್ತು?

ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳನ್ನು ಟ್ರೈಟನ್ ಎಕ್ಸ್-100 ಎಂಬ ತಣ್ಣನೆಯ ಡಿಟರ್ಜೆಂಟಿನಲ್ಲಿ ಒಡೆದು ಸುಕ್ರೋಸ್ ಪದರಗಳ ಕೆಳಗಿಟ್ಟು ಸೆಂಟ್ರಿಫ್ಯೂಜ್ ಮಾಡಿದಾಗ ಕೋಶದೊಳಗೆ ಸಂಕೇತ ಸಾಗಿಸುವ ಲ್ಯಾಟ್ ಎಂಬ ಪ್ರೋಟೀನು, ಕರಗದ ಕೊಬ್ಬಿನ ಪೊರೆಚೂರುಗಳು ತೇಲಿ ಸೇರುವ ಮೇಲಿನ ಹಗುರ ಪಟ್ಟಿಯಲ್ಲಿ ಸಿಕ್ಕಿತು. ಆದ್ದರಿಂದ ಅದು ಕೋಶದೊಳಗೂ ಕೊಬ್ಬು ಹೆಚ್ಚಿರುವ ವೆಸಿಕಲ್‌ಗಳಲ್ಲೇ (ಪೊರೆಯ ಪುಟ್ಟ ಚೀಲಗಳಲ್ಲೇ) ಇತ್ತೆಂದು ಬರೆಯಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಬರೆಯಬಾರದು ಎಂಬುದು ಶಿರಸಿಯಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನ್ನ ಅಭಿಪ್ರಾಯ.

ಕೋಶದ ಪೊರೆಯಲ್ಲಿರುವ ಸ್ಫಿಂಗೋಮೈಲಿನ್ ಎಂಬ ಕೊಬ್ಬಿನಲ್ಲಿ ಕೊಬ್ಬಿನಾಮ್ಲದ ಸರಪಳಿಗಳು ಬಹುಪಾಲು ಸಂತೃಪ್ತವಾಗಿ, ನೇರವಾಗಿ ಇರುವುದರಿಂದ ಕೊಲೆಸ್ಟೆರಾಲ್‌ನೊಡನೆ ಒತ್ತೊತ್ತಾಗಿ ಕೂರುತ್ತವೆ. ನಮ್ಮ ಮುರುಗಲ ಬೀಜದ ತುಪ್ಪ ಕಾರವಾರದ ಸೆಕೆಯಲ್ಲೂ ಗಟ್ಟಿಯಾಗಿರುವುದಕ್ಕೆ ಅದರಲ್ಲಿ ಹೇರಳವಾಗಿರುವ ಸ್ಟಿಯರಿಕ್ ಆಮ್ಲದ ಇಂಥ ನೇರ ಸರಪಳಿಗಳೇ ಕಾರಣ. ಇಷ್ಟು ಒತ್ತಾದ ಪೊರೆಯಲ್ಲಿ ಎಲ್ಲ ಪ್ರೋಟೀನುಗಳಿಗೂ ಜಾಗ ಸಿಗುವುದಿಲ್ಲ. ಲ್ಯಾಟ್‌ಗೆ ಪೊರೆಯನ್ನು ದಾಟುವ ಭಾಗದ ಪಕ್ಕದಲ್ಲೇ, 26 ಮತ್ತು 29ನೆಯ ಸ್ಥಾನದ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಲ್ಲಿ, ಇಂಥದೇ ನೇರ ಸರಪಳಿಯ ಪಾಲ್ಮಿಟಿಕ್ ಆಮ್ಲ ಅಂಟಿಕೊಳ್ಳುತ್ತದೆ. ಎಲ್‌ಸಿಕೆ ಕೈನೇಸ್ ಎಂಬ ಕಿಣ್ವ ಮಿರಿಸ್ಟಿಕ್ ಮತ್ತು ಪಾಲ್ಮಿಟಿಕ್ ಆಮ್ಲಗಳ ಆಸರೆಯಿಂದ ಒಳಪದರಕ್ಕೆ ಕಚ್ಚಿಕೊಳ್ಳುತ್ತದೆ. ಜಿಪಿಐ ಎಂಬ ಕೊಬ್ಬಿನ ಕೊಂಡಿಯ ಪ್ರೋಟೀನುಗಳು ಹೊರಪದರದಲ್ಲಿ ನಿಲ್ಲುತ್ತವೆ.

ತೊಡಕು ಇರುವುದು 4 ಡಿಗ್ರಿಯ ತಂಪಿನಲ್ಲಿ. ಆ ತಂಪಿಗೆ ಕೊಬ್ಬು ಇನ್ನಷ್ಟು ಬಿಗಿಯುತ್ತದೆ, ಟ್ರೈಟನ್ ತಾನೇ ಪೊರೆಯ ಚೂರುಗಳನ್ನು ಬೆಸೆಯಬಲ್ಲದು. ಹೀಗಾಗಿ 37 ಡಿಗ್ರಿಯಲ್ಲಿ ಬೇರೆಬೇರೆ ಇದ್ದ ಪ್ರೋಟೀನುಗಳು ಒಂದೇ ಬಿಳಿ ಮಬ್ಬು ಪಟ್ಟಿಯಲ್ಲಿ ಕಾಣಿಸಬಹುದು. ಲ್ಯಾಟ್‌ನ ಕಥೆಯೇ ಇದಕ್ಕೆ ಸಾಕ್ಷಿ. ಆ ಸಿಸ್ಟೀನ್‌ಗಳನ್ನು ಬದಲಿಸಿದರೆ ಅದು ಹಗುರ ಪಟ್ಟಿಯನ್ನೂ ಕೆಲಸವನ್ನೂ ಕಳೆದುಕೊಳ್ಳುತ್ತದೆ ಎಂದು 1998ರಲ್ಲಿ ತೋರಿಸಿದಾಗ, ಪಟ್ಟಿಯೇ ಅದರ ಕಾರ್ಯಸ್ಥಾನವೆಂದು ಬಹಳ ಮಂದಿ ನಂಬಿದರು. ಅಂಥ ಲ್ಯಾಟ್ ಕೋಶದ ಮೇಲ್ಮೈಯನ್ನೇ ಸರಿಯಾಗಿ ತಲುಪುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆ ಪಟ್ಟಿಗೆ ಸೇರದ ಬೇರೊಂದು ಪ್ರೋಟೀನಿನ ಪೊರೆಭಾಗವನ್ನು ಜೋಡಿಸಿ ಮೇಲ್ಮೈಗೆ ತಲುಪಿಸಿದರೆ ಲ್ಯಾಟ್ ಕೆಲಸವನ್ನೂ ಮಾಡಿತು.

ವೆಸಿಕಲ್‌ಗಳಲ್ಲಿ ಲ್ಯಾಟ್ ಇರುವುದಂತೂ ನಿಜ, ಅವು ವ್ಯಾಂಪ್7 ಎಂಬ ಪ್ರೋಟೀನಿನ ನೆರವಿನಿಂದ ಸಿನಾಪ್ಸ್‌ನ, ಅಂದರೆ ಟಿ ಕೋಶ ಇನ್ನೊಂದು ಕೋಶಕ್ಕೆ ತಾಗುವ ಜಾಗದ, ಪೊರೆಗೆ ಬಂದು ಸೇರುತ್ತವೆ. ಆದರೆ ಅದನ್ನು ತೋರಿಸಬೇಕಾದದ್ದು ಒಡೆಯದ ಕೋಶದಲ್ಲಿ, ಸೂಕ್ಷ್ಮದರ್ಶಕದಡಿ. ಕೊಲೆಸ್ಟೆರಾಲ್ ತೆಗೆಯುವ ಸೈಕ್ಲೋಡೆಕ್ಸ್ಟ್ರಿನ್ ಇಡೀ ಕೋಶವನ್ನೇ ಕದಡುವುದರಿಂದ ಅದೊಂದನ್ನೇ ಆಧಾರವೆಂದು ಹಿಡಿಯಬೇಡಿ. ಸದ್ಯಕ್ಕೆ ನಿಮ್ಮ ವರದಿಯಲ್ಲಿ ‘ಡಿಟರ್ಜೆಂಟಿನಲ್ಲಿ ಕರಗದ ಭಾಗದಲ್ಲಿ ದೊರೆಯಿತು’ ಎಂದಷ್ಟೇ ಬರೆದು, ಪಕ್ಕದಲ್ಲಿ ಉಷ್ಣಾಂಶವನ್ನೂ ಟ್ರೈಟನ್‌ನ ಪ್ರಮಾಣವನ್ನೂ ನಮೂದಿಸಿ.