ಗಂಡೇ ಇಲ್ಲದೆ ಮೊಟ್ಟೆ ಇಟ್ಟ ಆಮೆ

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇವೆ. ಊರು ಬಿಟ್ಟು ಹೊರಟಿದ್ದ ಪರಿಚಯದವರು ಎರಡು ವರ್ಷದ ಹಿಂದೆ ತಮ್ಮ ಬಾಕ್ಸ್ ಟರ್ಟಲ್ ನಮಗೆ ಕೊಟ್ಟು ಹೋದರು. ಹೆಣ್ಣು, ಒಂಟಿ. ಮೊನ್ನೆ ಸಂಜೆ ಹಿತ್ತಲಲ್ಲಿ ಗುಂಡಿ ತೋಡಿ ನಾಲ್ಕು ಮೊಟ್ಟೆ ಇಟ್ಟಿದೆ! ಮರಿ ಆಗುತ್ತವಾ?

ಉತ್ತರ: ಆಗಬಹುದು. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ಆ ವೀರ್ಯವನ್ನು ನಾಲ್ಕು ವರ್ಷದವರೆಗೂ ಒಳಗೇ ಇಟ್ಟುಕೊಳ್ಳಬಲ್ಲದು. ಹಾಗಾಗಿ ಮೊದಲು ಆ ಪರಿಚಯದವರಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಗಂಡು ಇತ್ತಾ ಕೇಳಿ. ಇರಲೇ ಇಲ್ಲ ಅಂದರೆ ಇವು ಹುಂಜ ಇಲ್ಲದ ಮನೆಯ ಕೋಳಿಮೊಟ್ಟೆ ಇದ್ದ ಹಾಗೆ, ಅಷ್ಟೇ.

ಮರಿ ಮಾಡಿಸಲೇಬೇಕು ಅನ್ನುವುದಾದರೆ ಮೊಟ್ಟೆಯನ್ನು ಮಣ್ಣಿನಿಂದ ತೆಗೆಯುವ ಮೊದಲೇ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆ ಕೊನೇವರೆಗೂ ಮೇಲೇ ಇರಬೇಕು. ಕೋಳಿಮೊಟ್ಟೆ ಹೊರಳಿಸಿದ ಹಾಗೆ ಇದನ್ನು ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ಸಾಕು, ಅದರಲ್ಲಿ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಹರಳು, ಗಿಡದ ಕುಂಡಗಳಿಗೂ ಹಾಕುತ್ತಾರೆ) ಮತ್ತು ಅದರಷ್ಟೇ ತೂಕದ ನೀರು ಕಲಸಿ, ಮೊಟ್ಟೆಯನ್ನು ಅರ್ಧ ಹೂತಿಡಿ, ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಮಾಡಿ. ಎರಡು ವಾರ ಬಿಟ್ಟು ಕತ್ತಲಲ್ಲಿ ಕೆಳಗಿನಿಂದ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳು ಕಂಡರೆ ಜೀವ ಇದೆ.

ಇದರಲ್ಲೊಂದು ಮಜಾ ಇದೆ. ಮರಿ ಗಂಡೋ ಹೆಣ್ಣೋ ಅನ್ನುವುದು ಡಬ್ಬಿಯ ಬಿಸಿಯ ಮೇಲೆ ನಿಂತಿದೆ. 27 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿದ್ದರೆ ಹೆಚ್ಚಾಗಿ ಗಂಡು, 28 ದಾಟಿದರೆ ಹೆಚ್ಚಾಗಿ ಹೆಣ್ಣು. ಎರಡೂವರೆ ತಿಂಗಳ ಆಸುಪಾಸಿನಲ್ಲಿ ಮರಿ ಮೂತಿಯ ತುದಿಯಲ್ಲಿರುವ ಮೊನೆಯಿಂದ ಚಿಪ್ಪು ಸೀಳುತ್ತದೆ, ಆಮೇಲೆ ಒಂದೆರಡು ದಿನ ಹೊರಗೇ ಬರದೆ ಒಳಗೇ ಕೂತಿರುತ್ತದೆ. ಹೊಟ್ಟೆಯ ಕೆಳಗೆ ಉಳಿದ ಹಳದಿ ಚೀಲ ಒಳಗೆ ಸೇರಿಕೊಳ್ಳಬೇಕಲ್ವಾ, ಅದಕ್ಕೆ. ಪಾಪ ಅಂತ ನೀವು ಎಳೆಯಲು ಹೋಗಬೇಡಿ. ಹೊರಬಂದ ಮರಿಗೆ ಒದ್ದೆ ಎಲೆಗಳ ರಾಶಿ, ಬಾಟಲಿ ಮುಚ್ಚಳದಷ್ಟು ಆಳದ ನೀರು, ಹೆಚ್ಚಿದ ಎರೆಹುಳು ಸಾಕು. ಸೊಪ್ಪು ಮೂಸಿಯೂ ನೋಡದಿರಬಹುದು, ಎಳೆಯದರಲ್ಲಿ ಇವುಗಳಿಗೆ ಹುಳುವೇ ಇಷ್ಟ.

ನನ್ನನ್ನು ಕೇಳಿದರೆ ಮರಿ ಮಾಡಿಸಬೇಡಿ. ಇವು ಐವತ್ತು ವರ್ಷ ಸುಲಭವಾಗಿ ಬದುಕುತ್ತವೆ, ಯಾರು ನೋಡಿಕೊಳ್ಳುತ್ತಾರೆ? ಮಾರುವ ಯೋಚನೆ ಇದ್ದರೆ, ನಾಲ್ಕು ಇಂಚಿಗಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವುದು ಅಮೆರಿಕದಲ್ಲಿ 1975ರಿಂದ ನಿಷೇಧ. ಮಕ್ಕಳಿಗೆ ಆಮೆಯಿಂದ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹತ್ತುತ್ತಿತ್ತು ಅನ್ನುವುದು ಕಾರಣ. ಕಾಡಿಗೆ ಬಿಡುವುದಂತೂ ಬೇಡವೇ ಬೇಡ, ಮನೆಯ ಆಮೆಯ ರೋಗ ಕಾಡಿನವಕ್ಕೂ ತಗಲುತ್ತದೆ. ಇಟ್ಟ ಕೂಡಲೇ ಮೊಟ್ಟೆಯನ್ನು ಫ್ರೀಜರಿಗೆ ಹಾಕುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಮಳೆ ನಿಂತ ಮೇಲೆ ನಮ್ಮ ಅಂಗಳಕ್ಕೆ ಒಂದು ಬಾಕ್ಸ್ ಟರ್ಟಲ್ ಬಂದಿತ್ತು. ಮುಟ್ಟಿದ ಕೂಡಲೇ ತಲೆ ಕಾಲು ಎಳೆದುಕೊಂಡು ಡಬ್ಬಿ ಹಾಗೆ ಮುಚ್ಚಿಕೊಂಡಿತು. ಕಣ್ಣು ಕೆಂಪಗಿತ್ತು. ಮಗ ಸಾಕೋಣ ಅಂತಾನೆ. (ಟೆನೆಸ್ಸಿಯಿಂದ)

ಉತ್ತರ: ಕೆಂಗಣ್ಣು ಅಂದರೆ ಬಹುಶಃ ಗಂಡು. ತಿರುಗಿಸಿ ನೋಡಿದ್ದರೆ ಹೊಟ್ಟೆಯ ಕಡೆ ಸ್ವಲ್ಪ ತಗ್ಗು, ದಪ್ಪ ಬಾಲ ಕಾಣುತ್ತಿತ್ತು. ಹೊಟ್ಟೆಯ ಚಿಪ್ಪಿಗೆ ಕೀಲು ಇರುವುದರಿಂದಲೇ ಹಾಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದನ್ನು ಸಾಕಬೇಡಿ. ಅದು ನಿಮ್ಮ ರಾಜ್ಯದ ಅಧಿಕೃತ ಸರೀಸೃಪ, ಗೊತ್ತಾ? ಒಂದು ಆಮೆ ಇಡೀ ಜೀವಮಾನವನ್ನು ಕೆಲವು ನೂರು ಮೀಟರ್ ಜಾಗದಲ್ಲೇ ಕಳೆಯುತ್ತದೆ. ಬೇರೆ ಕಡೆ ಬಿಟ್ಟರೆ ಹಳೇ ಜಾಗ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಕಾರಿನಡಿ ಸಿಕ್ಕಿಬಿಡುತ್ತದೆ. ಮೊಟ್ಟೆ ಇಡುವ ವಯಸ್ಸಿಗೆ ಬರಲು ಏಳೆಂಟು ವರ್ಷವಾದರೂ ಬೇಕು, ಮರಿಗಳಲ್ಲಿ ಉಳಿಯುವುದು ಎಲ್ಲೋ ಒಂದೆರಡು, ಹೀಗಿರುವಾಗ ದೊಡ್ಡದೊಂದು ಹೋದರೂ ಆ ಕಾಡಿಗೆ ಜಾಸ್ತಿ ನಷ್ಟ. ಮಗ ನೋಡಲಿ, ಫೋಟೋ ತೆಗೆಯಲಿ, ಕೈ ಸೋಪು ಹಾಕಿ ತೊಳೆಯಲಿ.

ಪ್ರಶ್ನೆ: ಬೆಂಗಳೂರಲ್ಲಿ ಒಬ್ಬರು ವಾಟ್ಸಾಪಿನಲ್ಲಿ ಬಾಕ್ಸ್ ಟರ್ಟಲ್ ಜೋಡಿ ಮಾರುತ್ತಿದ್ದಾರೆ. ಪೇಪರ್ ಬೇಕಿಲ್ಲ ಅಂತಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಅಮೆರಿಕದ ಬಾಕ್ಸ್ ಟರ್ಟಲ್‌ಗಳೆಲ್ಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ಇಲ್ಲಿ ಸಾಕಲು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. ಪೇಪರ್ ಇಲ್ಲದ ಜೋಡಿಯನ್ನು ನಾಳೆ ಕಾಯಿಲೆ ಬಿದ್ದರೆ ಡಾಕ್ಟರ ಹತ್ತಿರ ಒಯ್ಯಲೂ ಅಂಜುತ್ತೀರಿ. ಅದೇ ಮನುಷ್ಯ ನಮ್ಮ ದೇಶದ್ದೇ ಆದ, ಕಾನೂನಿನ ರಕ್ಷಣೆ ಇರುವ ನಕ್ಷತ್ರ ಆಮೆ ತೋರಿಸಿದರೆ ಅರಣ್ಯ ಇಲಾಖೆಗೆ ತಿಳಿಸಿ.